ಕಳೆಯದ ಎಂಟು ವರ್ಷ

ನನ್ನನ್ನು ಕರೆಯಲು ಬರುವವರು ಹಿತ್ತಲ ಬಾಗಿಲಿಗೇ ಬರುತ್ತಾರೆ. ‘ನಾಳೆ ಬೆಳಕು ಹರಿಯೋ ಮುಂಚೆ ಕೊಳದ ಹತ್ರ ಬಂದ್ಬಿಡಿ ಸುಬ್ಬಕ್ಕ, ಓಣಿ ಕಡೆಯಿಂದ ಬನ್ನಿ, ಯಾರ ಎದುರಿಗೂ ಬೀಳಬೇಡಿ’ ಅನ್ನುತ್ತಾರೆ. ಗಂಡ ಸತ್ತವಳು ಎದುರಾದರೆ ಹೆಣ್ಣು ನೋಡುವ ಶಾಸ್ತ್ರ ಕೆಡುತ್ತದಲ್ಲ. ಆದರೆ ನಾನು ಹೋಗದಿದ್ದರೆ ಆ ಶಾಸ್ತ್ರ ಶುರುವೇ ಆಗುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ನೀರಿಗಿಳಿದು ನಿಂತು, ಕೆಲಸ ಮುಗಿಸಿ, ಒದ್ದೆ ಸೆರಗು ಹಿಂಡಿಕೊಂಡು ಬಂದ ಓಣಿಯಲ್ಲೇ ವಾಪಸು ಬರುತ್ತೇನೆ. ಅಷ್ಟರಲ್ಲಿ ಮುಂಬಾಗಿಲಲ್ಲಿ ವಾಲಗ ಶುರುವಾಗಿರುತ್ತದೆ.

ನಮ್ಮೂರಿನ ಕೊಳದ ನಡುವೆ ಒಂದು ಗೀಟುಗಂಬವಿದೆ. ಬುಡದಿಂದ ತುದಿಯವರೆಗೆ ಗೀಟುಗಳು. ಇಬ್ಬರು ಒಟ್ಟಿಗೆ ನೀರಿಗೆ ಕಾಲಿಟ್ಟರೆ ನೀರು ಏಳುತ್ತದೆ. ಎದ್ದು ಎಷ್ಟನೆಯ ಗೀಟಿಗೆ ನಿಲ್ಲುತ್ತದೋ ಅಷ್ಟು ವರ್ಷ ಆ ಇಬ್ಬರಿಗೂ ಸೇರಿ ಉಳಿದಿರುವ ಆಯುಸ್ಸು. ಒಬ್ಬರೇ ಇಳಿದರೆ ನೀರು ಅಲುಗುವುದಿಲ್ಲ, ಮೂವರು ಇಳಿದರೂ ಅಲುಗುವುದಿಲ್ಲ. ಹುಟ್ಟಿನಿಂದಲೋ ಮದುವೆಯಿಂದಲೋ ಊರಿಗೆ ಸೇರದವರ ಕಾಲಿಗಂತೂ ಏಳುವುದೇ ಇಲ್ಲ. ಮೊದಲೆಲ್ಲ ಧಾರೆ ಮುಗಿದ ಮೇಲೆ ಗಂಡುಹೆಣ್ಣು ಸೆರಗು ಗಂಟಿನಲ್ಲೇ ಕೊಳಕ್ಕಿಳಿಯುತ್ತಿದ್ದರು. ಎಪ್ಪತ್ತೋ ತೊಂಬತ್ತೋ ಒಂದು ಸಂಖ್ಯೆ ಸಿಗುತ್ತಿತ್ತು. ಅದರಲ್ಲಿ ಯಾರದೆಷ್ಟು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಬಾರದೆಂದೇ ಜನ ಜೀವಮಾನದಲ್ಲಿ ಒಂದೇ ಸಲ, ಒಬ್ಬರ ಜೊತೆ ಮಾತ್ರ ನಿಲ್ಲುತ್ತಿದ್ದರು. ಹೆಂಡತಿ ಗಂಡನಿಗೆ ‘ನಂದೇ ಜಾಸ್ತಿ ಇರ್ಬೇಕು, ನಿಮ್ಮ ತಲೆ ನೋಡಿದ್ರೆ ಗೊತ್ತಾಗುತ್ತೆ’ ಎಂದು ರೇಗಿಸುವುದು, ಅವನು ನಕ್ಕು ಎಲೆ ಮಡಿಸುವುದು, ಸಂಸಾರ ಅಷ್ಟರಲ್ಲೇ ಸಾಗುತ್ತಿತ್ತು.

ನಾನೂ ವಾಸುವೂ ನಿಂತಾಗ ನೀರು ಅರವತ್ತನಾಲ್ಕಕ್ಕೆ ನಿಂತಿತು. ನಾನು ಹದಿನೇಳರವಳು. ಅರವತ್ತನಾಲ್ಕನ್ನು ಸಮನಾಗಿ ಹಂಚಿಕೊಳ್ಳೋಣ ಎಂದು ವಾಸು ಕಿವಿಯಲ್ಲಿ ಹೇಳಿದ್ದ, ಹಂಚುವುದು ನಮ್ಮ ಕೈಯಲ್ಲಿದೆಯೇನೋ ಎಂಬಂತೆ. ಎಂಟು ವರ್ಷ ಬಾಳಿದೆವು. ಎಂಟು ತುಂಬುತ್ತಲೇ ಜ್ವರ ಬಂದು ಹೋಗಿಬಿಟ್ಟ. ಸೂತಕ ಕಳೆದ ದಿನ ಅವನ ಅಣ್ಣ, ನನ್ನ ಭಾವ ಶೇಷಪ್ಪನವರು, ನಡುಮನೆಯಲ್ಲಿ ಎಲ್ಲರ ಎದುರು ಲೆಕ್ಕ ಹೇಳಿದರು. ಊರಿನಲ್ಲಿ ಆಯುಸ್ಸಿನ ಲೆಕ್ಕವನ್ನೆಲ್ಲ ಹೇಳುವವರು ಅವರೇ. ‘ಒಟ್ಟು ಅರವತ್ನಾಕು. ವಾಸು ಎಂಟು ವರ್ಷ ಬಾಳಿದ, ಅವನದು ಎಂಟು. ಅರವತ್ನಾಕರಲ್ಲಿ ಎಂಟು ಕಳೆದ್ರೆ ಐವತ್ತಾರು. ಸುಬ್ಬಮ್ಮನಿಗೆ ಇನ್ನೂ ಐವತ್ತಾರು ವರ್ಷ ಇದೆ.’ ಅತ್ತೆ ನನ್ನ ಮುಖ ನೋಡಿದರು. ಮಗನನ್ನು ತಿಂದು ಐವತ್ತಾರು ಉಳಿಸಿಕೊಂಡವಳನ್ನು ಹೇಗೆ ನೋಡಬೇಕೋ ಹಾಗೆ ನೋಡಿದರು. ನನಗೆ ಲೆಕ್ಕದ ಕಡೆ ಗಮನವಿರಲಿಲ್ಲ. ವಾಸು ಇಲ್ಲದೆ ಐವತ್ತಾರು ವರ್ಷ ಹೇಗೆ ಕಳೆಯುವುದು ಎಂಬುದೊಂದೇ ತಲೆಯಲ್ಲಿತ್ತು.

ಹೀಗೆ ನಮ್ಮೂರಿನಲ್ಲಿ ತನ್ನ ಆಯುಸ್ಸು ಇಷ್ಟೇ ಎಂದು ತಿಳಿದು ಬದುಕುವವರು ವಿಧವೆಯರು ಮಾತ್ರ. ಹೆಂಡತಿ ಸತ್ತ ಗಂಡಸಿನ ಲೆಕ್ಕವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಅವನಿಗೆ ಮತ್ತೆ ಮದುವೆಯಾಗಬೇಕಲ್ಲ. ಅಚ್ಚಮ್ಮಜ್ಜಿಯಂಥ ವಿಧವೆಯರು ಹೇಳಿದ ವರ್ಷಕ್ಕಿಂತ ಎಷ್ಟೋ ಮೊದಲೇ ಸಾಯುತ್ತಿದ್ದರು. ಗಂಡನ ಕೊರಗು ಆಯುಸ್ಸನ್ನು ತಿಂದಿತು ಎಂದು ಹೆಂಗಸರು ಹೇಳುತ್ತಿದ್ದರು, ಗಂಡಸರಿಗೂ ಅದು ಹಿತವಾಗಿಯೇ ಕೇಳಿಸುತ್ತಿತ್ತು.

ವಿಧವೆಯಿಂದ ಉಪಯೋಗವಿದೆ ಎಂದು ಕಂಡುಕೊಂಡವರು ಶೇಷಪ್ಪ ಭಾವ. ಗೊತ್ತಿಲ್ಲದ ಹುಡುಗಿಯನ್ನು ಗೊತ್ತಿರುವ ಸುಬ್ಬಮ್ಮನ ಜೊತೆ ನಿಲ್ಲಿಸಿ, ಬಂದದ್ದರಲ್ಲಿ ಸುಬ್ಬಮ್ಮನದನ್ನು ಕಳೆದರೆ ಹುಡುಗಿಯದು ತಾನಾಗಿಯೇ ಬರುತ್ತದೆ! ಗಂಡಿನ ಕಡೆಯವರಿಗೆ ಇದು ತುಂಬ ಹಿಡಿಸಿತು. ಸೊಸೆ ಎಷ್ಟು ವರ್ಷ ದುಡಿಯುತ್ತಾಳೆ ಎಂದು ಮೊದಲೇ ತಿಳಿದರೆ ಒಳ್ಳೆಯದಲ್ಲವೇ. ಧಾರೆಯ ದಿನ ಇಬ್ಬರೂ ಕೊಳಕ್ಕಿಳಿಯುವ ಪದ್ಧತಿ ಆಗಲೇ ನಿಂತುಹೋಯಿತು. ಹುಡುಗಿಯದು ಗೊತ್ತಾದ ಮೇಲೆ ಜೋಡಿಯಾಗಿ ನಿಂತರೆ ಗಂಡಿನದೂ ಬಯಲಾಗುತ್ತದಲ್ಲ, ಅದು ಯಾರಿಗೆ ಬೇಕು. ಹೀಗೆ ನಾನು ಊರಿನ ಹುಡುಗಿಯರನ್ನೆಲ್ಲ ಅಳೆಯುವ ಪಾವು ಆದೆ. ಪಾವನ್ನು ಯಾರೂ ಮುಂಬಾಗಿಲಲ್ಲಿ ಇಡುವುದಿಲ್ಲ.

ಪಾತ್ರೆ ಅಂಗಡಿ ಹಿರಣ್ಣಯ್ಯನ ಮಗಳು ಪಂಕಜ ನನ್ನ ಜೊತೆ ನಿಂತಾಗ ಅವಳಿಗೆ ಹದಿನೆಂಟು. ಚಳಿಗೆ ನಡುಗುತ್ತ ನನ್ನ ಕೈ ಹಿಡಿದುಕೊಂಡಿದ್ದಳು. ‘ಕಮ್ಮಿ ಬಂದ್ರೆ ಬೈತಾರಾ ಸುಬ್ಬಕ್ಕ?’ ಎಂದು ಕೇಳಿದಳು. ನೀರು ನಲವತ್ತೆಂಟಕ್ಕೆ ಬಂದು ನಿಂತಿತು. ಆಗ ನನ್ನ ಬಾಬ್ತು ನಲವತ್ತೊಂದು ಎಂದು ಊರಿನ ಲೆಕ್ಕ. ಭಾವ ದಂಡೆಯ ಮೇಲಿಂದಲೇ ‘ಏಳು’ ಅಂದರು. ಗಂಡಿನ ಕಡೆಯವರು ಕಾಫಿಯನ್ನೂ ಕುಡಿಯದೆ ಗಾಡಿ ಹತ್ತಿದರು.

ಏಳು ವರ್ಷ ಆ ಹುಡುಗಿಯನ್ನು ಹೇಗೆ ನೋಡಿಕೊಂಡರು ಎಂಬುದನ್ನು ನಾನು ಈಗಲೂ ಮರೆತಿಲ್ಲ. ಹೊಡೆಯಲಿಲ್ಲ, ಬಡಿಯಲಿಲ್ಲ. ಪಾಪ ಪಾಪ ಎನ್ನುತ್ತಲೇ ಅವಳ ಕೈಯಿಂದ ಒಂದೊಂದನ್ನೇ ಬಿಡಿಸಿಕೊಂಡರು. ಅವಳ ವೀಣೆ ಚಿಕ್ಕಪ್ಪನ ಮಗಳ ಮನೆಗೆ ಹೋಯಿತು. ಹಿತ್ತಲಲ್ಲಿ ಮಾವಿನ ಸಸಿ ನೆಡಲು ಹೋದರೆ ಅವಳ ತಾಯಿ ಲಲಿತಮ್ಮ, ‘ಅದು ಹಣ್ಣು ಬಿಡೋ ಹೊತ್ತಿಗೆ ನೀನೆಲ್ಲಿರ್ತೀಯೋ, ನಂಗೆ ನೋಡಕ್ಕಾಗಲ್ಲ ಕಣೆ’ ಎಂದು ಅತ್ತುಬಿಟ್ಟರಂತೆ. ಹಿರಣ್ಣಯ್ಯ ಹೆಣ್ಣುಮಕ್ಕಳ ಮದುವೆಗೆಂದು ಪಾತ್ರೆಗಳಿಗೆ ಹೆಸರು ಕೊರೆಸಿ ಅಟ್ಟದ ಮೇಲೆ ಇಟ್ಟಿದ್ದ. ಪಂಕಜನ ಹೆಸರಿದ್ದ ಕೊಳಗ, ಹಂಡೆ, ಚೊಂಬುಗಳನ್ನೆಲ್ಲ ಇಳಿಸಿ ಅವಳ ಎದುರಿಗೇ ಅರದಿಂದ ಉಜ್ಜಿಸಿ ತಂಗಿಯ ಹೆಸರು ಹಾಕಿಸಿದ. ಒಂದು ಚೊಂಬಿನಲ್ಲಿ ಮಾತ್ರ ಅರ್ಧ ಹೆಸರು ಉಳಿದುಬಿಟ್ಟಿತು. ಅದನ್ನು ಅವಳು ಯಾರಿಗೂ ಕೊಡಲಿಲ್ಲ.

ಏಳು ವರ್ಷ ತುಂಬಿತು. ನೆಂಟರು ಬಂದರು. ಎರಡು ವಾರ ಉಂಡರು, ಮಲಗಿದರು, ಅವಳನ್ನು ಕದ್ದು ಕದ್ದು ನೋಡಿದರು. ಪಂಕಜ ಎಂದಿನಂತೆ ನೀರು ಸೇದಿದಳು, ಬಂದವರಿಗೆಲ್ಲ ಬಡಿಸಿದಳು. ಅವಳ ದೊಡ್ಡಪ್ಪ ಊರಿಗೆ ಹೊರಡುವಾಗ, ‘ಹಿಂಗಾದ್ರೆ ಇನ್ನೊಂದ್ಸಲ ರಜ ಹಾಕಕ್ಕಾಗಲ್ಲಪ್ಪ’ ಎಂದು ಹಿರಣ್ಣಯ್ಯನ ಮೇಲೆ ಸಿಟ್ಟು ಮಾಡಿದನಂತೆ. ತಿಂಗಳು ಕಳೆಯಿತು, ಇನ್ನೊಂದು ತಿಂಗಳು ಕಳೆಯಿತು. ಊರು ಮೊದಲು ಆಶ್ಚರ್ಯಪಟ್ಟಿತು, ಆಮೇಲೆ ಬೇಸರಪಟ್ಟಿತು, ಕಡೆಗೆ ಗುಸುಗುಸು ಶುರುಮಾಡಿತು. ಲೆಕ್ಕ ಎಂದಾದರೂ ತಪ್ಪುವುದುಂಟೇ, ಇವಳೇ ಯಾರದೋ ಆಯುಸ್ಸನ್ನು ತಿನ್ನುತ್ತಿರಬೇಕು. ಲಲಿತಮ್ಮನಿಗೆ ಕೆಮ್ಮು ಹಿಡಿದಾಗ ಹಿರಣ್ಣಯ್ಯ ಮಗಳನ್ನು ಅಡುಗೆಮನೆಗೆ ಸೇರಿಸುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದೆ. ಪಂಕಜ ಬಂದು ಎದುರಿಗೆ ಕೂತಳು. ತಾನೂ ಒಂದಷ್ಟು ಹಣ್ಣು ಬಿಡಿಸಿದಳು. ಆಮೇಲೆ, ‘ಸುಬ್ಬಕ್ಕ, ನಾನ್ಯಾಕೆ ಸಾಯ್ಲಿಲ್ಲ?’ ಅಂದಳು.

‘ನನ್ನ ಕೇಳಿದ್ರೆ?’

‘ಮತ್ಯಾರನ್ನ ಕೇಳ್ಲಿ? ನಂದು ಏಳು ಅಂತ ಬಂದಿದ್ದು ನಿಮ್ಮದನ್ನ ಕಳೆದಿದ್ದಕ್ಕೆ ತಾನೆ. ನಂದು ತಪ್ಪಿದ್ರೆ ನಿಮ್ಮದೂ ತಪ್ಪಿರ್ಬೇಕಲ್ಲ. ನಿಮ್ಮದು ಹೆಂಗೆ ಬಂತು, ಹೇಳಿ.’

ಹೇಳಿದೆ. ಅವಳು ಹುಣಿಸೆಬೀಜ ಎಣಿಸಿ ಅರವತ್ತನಾಲ್ಕನ್ನು ನೆಲದ ಮೇಲೆ ಗುಡ್ಡೆ ಹಾಕಿದಳು. ‘ಇದು ನೀವಿಬ್ಬರೂ ನಿಂತ ದಿನದ್ದು. ಈಗ ಒಂದು ವರ್ಷ ಸಂಸಾರ ಮಾಡಿದ್ರಿ ಅನ್ನಿ’ ಎಂದು ಒಂದು ಬೀಜ ತೆಗೆದಳು. ಸ್ವಲ್ಪ ಹೊತ್ತು ನೋಡಿದಳು. ಇನ್ನೊಂದು ಬೀಜವನ್ನೂ ತೆಗೆದಳು. ‘ಅಕ್ಕ, ಆ ವರ್ಷ ಅವರೊಬ್ಬರೇ ಬಾಳಲಿಲ್ಲವಲ್ಲ. ನೀವೂ ಇದ್ರಿ. ಅವರದೊಂದು ಹೋಯ್ತು, ನಿಮ್ಮದೂ ಒಂದು ಹೋಯ್ತು.’

ಒಂದೊಂದು ವರ್ಷಕ್ಕೆ ಎರಡೆರಡು ಬೀಜದಂತೆ ತೆಗೆಯುತ್ತ ಹೋದಳು. ಎಂಟು ವರ್ಷಕ್ಕೆ ಹದಿನಾರು ಬೀಜ ಬದಿಗೆ ಬಂದವು. ಉಳಿದದ್ದು ಐವತ್ತಾರಲ್ಲ, ನಲವತ್ತೆಂಟು.

ನಾನು ಬೀಜಗಳನ್ನೇ ನೋಡುತ್ತ ಕೂತೆ. ಎಂಟು ವರ್ಷ ಆ ಮನೆಯಲ್ಲಿ ನಸುಕಿಗೆ ಎದ್ದಿದ್ದೆ. ಎರಡು ಬಸಿರು ಇಳಿದವು, ಅತ್ತೆಯ ಕಾಲು ಒತ್ತಿದೆ, ವಾಸುವಿನ ಜೊತೆ ನಕ್ಕೆ, ಜಗಳವಾಡಿದೆ, ಅವನ ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದೆ. ಭಾವನ ಲೆಕ್ಕದಲ್ಲಿ ಆ ಎಂಟು ವರ್ಷ ಬಾಳಿದವನು ವಾಸು ಒಬ್ಬನೇ. ನಾನು ಎಲ್ಲೋ ಅಟ್ಟದ ಮೇಲೆ ಮಡಿಸಿಟ್ಟ ಸೀರೆಯ ಹಾಗೆ ಖರ್ಚಾಗದೆ ಉಳಿದಿದ್ದೆ. ಅಚ್ಚಮ್ಮಜ್ಜಿ ಗಂಡನ ಜೊತೆ ಬಾಳಿದ್ದು ಆರು ವರ್ಷ, ಹೇಳಿದ್ದಕ್ಕಿಂತ ಮೊದಲು ಹೋದದ್ದೂ ಆರೇ ವರ್ಷ. ಕೊರಗೂ ಅಲ್ಲ, ಎಂಥದ್ದೂ ಅಲ್ಲ. ಹೆಂಗಸು ಗಂಡನ ಮನೆಯಲ್ಲಿ ಕಳೆದ ವರ್ಷವನ್ನು ಅವಳ ಆಯುಸ್ಸಿನಿಂದ ಕಳೆಯಬೇಕೆಂದು ಈ ಊರಿನ ಯಾವ ಗಂಡಸಿಗೂ ಹೊಳೆದಿರಲಿಲ್ಲ. ನನಗೂ ಇಪ್ಪತ್ತೆರಡು ವರ್ಷ ಹೊಳೆಯಲಿಲ್ಲ ಎಂಬುದು ಇನ್ನೂ ಕಹಿ.

‘ಹಂಗಾದ್ರೆ ನನ್ನ ಜೊತೆ ನಿಂತಾಗ ನಿಮ್ಮದು ನಲವತ್ತೊಂದಲ್ಲ, ಮೂವತ್ಮೂರು’ ಅಂದಳು ಪಂಕಜ. ‘ನಲವತ್ತೆಂಟರಲ್ಲಿ ಮೂವತ್ಮೂರು ಹೋದ್ರೆ ಹದಿನೈದು. ಏಳು ಆಗೋಯ್ತು. ಇನ್ನೂ ಎಂಟಿದೆ ನಂಗೆ.’ ಅವಳ ಮುಖ ಅರಳಿತು. ಎಂಟೇ ವರ್ಷಕ್ಕೆ ಯಾರಾದರೂ ಅಷ್ಟು ಅರಳಬೇಕೇ ಎಂದು ನನಗೆ ಅಳು ಬಂತು. ನನ್ನ ಎಂಟು ವರ್ಷ ಹೋದದ್ದು ಆಗ ನೆನಪೇ ಆಗಲಿಲ್ಲ.

ಅಂದೇ ಅವಳನ್ನು ಕರೆದುಕೊಂಡು ಭಾವನ ಮನೆಗೆ ಹೋದೆ. ಹಿರಣ್ಣಯ್ಯನನ್ನೂ ಕರೆಸಿದರು. ಜಗಲಿಯ ಮೇಲೆ ಬೀಜ ಹರಡಿ ತೋರಿಸಿದೆವು. ಭಾವ ಬುದ್ಧಿವಂತರು, ಎರಡನೆಯ ಜೋಡಿ ಬೀಜ ತೆಗೆಯುವಷ್ಟರಲ್ಲೇ ಅವರಿಗೆ ಅರ್ಥವಾಯಿತು. ಮುಖ ಸಪ್ಪಗಾದದ್ದನ್ನು ನಾನು ಕಣ್ಣಾರೆ ನೋಡಿದೆ. ಆದರೆ ಬಾಯಿಂದ ಬಂದದ್ದು ಬೇರೆ. ‘ಸುಬ್ಬಮ್ಮ, ಇದು ಹುಣಿಸೆಬೀಜದಲ್ಲಿ ತೀರೋ ವಿಷಯ ಅಲ್ಲ. ನಿನ್ನ ಜೊತೆ ನಿಂತ ಹುಡುಗೀರು ಎಷ್ಟು ಜನ ಇದಾರೆ. ಎಲ್ಲಾರದ್ದೂ ಎಂಟೆಂಟು ತಪ್ಪು ಅಂತ ನಾನು ಊರ ಮುಂದೆ ಹೇಳ್ಲಾ? ಮುರಿದುಹೋದ ಸಂಬಂಧಗಳನ್ನ ಯಾರು ಕೂಡಿಸಿ ಕೊಡ್ತಾರೆ?’

‘ಕೂಡಿಸೋದು ಬೇಡ ಭಾವ. ತಪ್ಪಾಗಿದೆ ಅಂತ ಹೇಳಿ, ಸಾಕು.’

‘ಕೊಳ ಇದೆಯಲ್ಲ. ಇಬ್ಬರೂ ಇನ್ನೊಂದ್ಸಲ ನಿಂತ್ಕೊಳ್ಳಿ, ಅದೇ ಹೇಳ್ಲಿ’ ಅಂದರು.

ಮಾರನೆಯ ದಿನ ಅರ್ಧ ಊರು ಕೊಳದ ದಂಡೆಯ ಮೇಲಿತ್ತು. ನೀರಿಗಿಳಿದೆವು. ನೀರು ಮೂವತ್ತನಾಲ್ಕಕ್ಕೆ ನಿಂತಿತು. ಭಾವ ಜನರ ಕಡೆ ತಿರುಗಿ, ‘ಸುಬ್ಬಮ್ಮನಿಗೆ ಈಗ ಉಳಿದಿರೋದು ಮೂವತ್ನಾಕು. ನೀರಲ್ಲಿ ಬಂದಿರೋದೂ ಮೂವತ್ನಾಕು. ಪಂಕಜಂದು ಸೊನ್ನೆ’ ಎಂದರು. ನಾನು ಕೂಗಿ ಹೇಳಿದೆ, ನನ್ನದು ಇಪ್ಪತ್ತಾರು ಅವಳದು ಎಂಟು ಸೇರಿದರೂ ಅಷ್ಟೇ ಬರುತ್ತದೆ ಎಂದು. ಅವಳದು ಸೊನ್ನೆಯಾಗಿದ್ದರೆ ನಾನೊಬ್ಬಳೇ ನಿಂತ ಹಾಗಾಯಿತು, ನೀರು ಯಾಕೆ ಎದ್ದಿತು ಎಂದೂ ಕೇಳಿದೆ. ನಿಂತಿರುವುದು ಎರಡು ಜೀವ ಎಂದು ನೀರು ಒಪ್ಪಿತ್ತು, ಊರು ಒಪ್ಪಲಿಲ್ಲ.

ತೀರ್ಮಾನಿಸಲು ಒಂದು ದಾರಿಯಿತ್ತು, ಅದನ್ನೂ ಹೇಳಿದೆ. ಮೂರನೆಯವರೊಬ್ಬರು ಮೊದಲು ಪಂಕಜನ ಜೊತೆ, ಆಮೇಲೆ ನನ್ನ ಜೊತೆ ನಿಂತರೆ ಸಾಕು. ಎರಡು ಗೀಟುಗಳ ನಡುವಿನ ಅಂತರ ಮೂವತ್ತನಾಲ್ಕಾದರೆ ಊರಿನ ಮಾತು ಸರಿ, ಹದಿನೆಂಟಾದರೆ ನಮ್ಮ ಮಾತು ಸರಿ. ಆದರೆ ಹಾಗೆ ನಿಂತವರ ಆಯುಸ್ಸೂ ಬಯಲಾಗುತ್ತದೆ. ಅಳತೆಯಾದ ಹುಡುಗಿಯರನ್ನೂ ಬೇರೆ ವಿಧವೆಯರನ್ನೂ ಅವರ ಮನೆಯವರು ಅಂದು ಹೊರಗೇ ಬಿಟ್ಟಿರಲಿಲ್ಲ. ಭಾವನನ್ನು ಕರೆದೆ. ‘ನಂದು ಗೊತ್ತಾದ್ರೆ ಮನೆಯವಳದ್ದೂ ಗೊತ್ತಾಗುತ್ತೆ, ನಾವು ಮದುವೇಲಿ ನಿಂತಿದ್ವಲ್ಲ’ ಎಂದು ಒಂದು ಹೆಜ್ಜೆ ಹಿಂದೆ ಸರಿದರು. ಲಲಿತಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿಯತೊಡಗಿದರು. ಒಂದು ಕಾಲು ನೀರಿಗೆ ಇನ್ನೇನು ತಾಗಬೇಕು, ಹಿರಣ್ಣಯ್ಯ ರಟ್ಟೆ ಹಿಡಿದು ಎಳೆದ. ‘ನಿಂದು ಗೊತ್ತಾದ್ರೆ ನಂದು ಗೊತ್ತಾಗಲ್ವೇನೆ? ನಾಳೆಯಿಂದ ನಾನು ದಿನ ಎಣಿಸ್ಕೊಂಡು ಬದುಕ್ಬೇಕಾ?’ ಅಂದ. ಮಗಳು ಏಳು ವರ್ಷ ಮಾಡಿದ್ದು ಅದನ್ನೇ ಎಂದು ಅವನಿಗೆ ನೆನಪಾಗಲಿಲ್ಲ. ಲಲಿತಮ್ಮ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

ಅದೇ ವಾರ ಹಿರಣ್ಣಯ್ಯ ದರ್ಭೆಯಲ್ಲಿ ಗೊಂಬೆ ಮಾಡಿಸಿ ಮಗಳ ಹೆಸರಿನಲ್ಲಿ ಸುಟ್ಟ. ಲೆಕ್ಕ ಮುಗಿದ ಮೇಲೂ ಮನೆಯಲ್ಲಿ ಇಟ್ಟುಕೊಂಡರೆ ತಂಗಿಯ ಮದುವೆಯಾಗುವುದಿಲ್ಲ ಎಂದು ಊರೆಲ್ಲ ಅವನ ಕಿವಿ ಊದಿತ್ತು. ಪಂಕಜ ಅರ್ಧ ಹೆಸರಿನ ಚೊಂಬು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಹನ್ನೆರಡನೆಯ ದಿನ ತಿಥಿ. ನಮ್ಮಲ್ಲಿ ತಿಥಿಯ ಊಟದಲ್ಲಿ ವಿಧವೆಯರಿಗೆ ಒಂದು ಪಾಲು ಕಳಿಸುವ ರೂಢಿಯಿದೆ. ಲಲಿತಮ್ಮನೇ ತಂದರು. ಹಿತ್ತಲ ಬಾಗಿಲಲ್ಲಿ ನಿಂತು, ಒಳಗೆ ನೋಡದೆ, ‘ನಿಮ್ಮ ಪಾಲು ಸುಬ್ಬಕ್ಕ’ ಎಂದು ತಟ್ಟೆ ಇಟ್ಟು ಹೋದರು. ವಡೆ, ಎಳ್ಳುಂಡೆ, ಪಾಯಸ, ಎಲ್ಲವೂ ಇಬ್ಬರಿಗಾಗುವಷ್ಟಿತ್ತು. ಪಂಕಜ ತನ್ನ ತಿಥಿಯ ವಡೆ ಮುರಿದು ಬಾಯಿಗಿಟ್ಟುಕೊಂಡಳು. ‘ಅಮ್ಮ ಮಾಡಿದ್ದಲ್ಲ ಇದು, ಅಡುಗೆಯವರು ಮಾಡಿರೋದು. ಉಪ್ಪೇ ಇಲ್ಲ’ ಅಂದಳು. ನಾನು ಎದ್ದು ಉಪ್ಪಿನ ಮರಿಗೆ ತಂದಿಟ್ಟೆ.

ಊರಿಗೆ ಅವಳು ಕಾಣುವುದು ನಿಂತಿತು. ಅಂಗಡಿಯವನು ನನಗೆ ತೂಗಿ ಕೊಡುತ್ತಾನೆ, ಪಕ್ಕದಲ್ಲಿ ನಿಂತ ಅವಳ ಮೈಯೊಳಗಿಂದ ರಸ್ತೆ ಕಾಣುವವನಂತೆ ನೋಡುತ್ತಾನೆ. ಅವಳು ಮಾತ್ರ ನನ್ನ ಹಿತ್ತಲಲ್ಲಿ ಮಾವಿನ ಸಸಿ ನೆಟ್ಟಳು. ಕಸಿ ಮಾಡಿದ್ದಂತೆ, ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತದಂತೆ.

ಅಷ್ಟರಲ್ಲಿ ಭಾವನ ಮಗಳು ವಿಮಲೆಗೆ ಒಳ್ಳೆಯ ಸಂಬಂಧ ಬಂತು. ಗಂಡಿನ ತಾಯಿ ಖಡಾಖಂಡಿತವಾಗಿ ಹೇಳಿದ್ದರು, ನಲವತ್ತಕ್ಕೆ ಕಡಿಮೆಯಾದರೆ ಬೇಡ ಎಂದು. ಭಾವನೇ ಹಿತ್ತಲ ಬಾಗಿಲಿಗೆ ಬಂದರು. ಪಂಕಜ ಒಲೆಯ ಮುಂದಿದ್ದಳು. ಅವಳ ಕಡೆ ತಿರುಗದೆ, ‘ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡ ಸುಬ್ಬಮ್ಮ. ವಿಮಲೆ ನೀನೇ ಎತ್ತಿ ಆಡಿಸಿದ ಮಗು’ ಎಂದರು. ಬರುವುದಿಲ್ಲ ಎನ್ನಬೇಕೆಂದಿದ್ದೆ. ಪಂಕಜಳೇ ನನ್ನ ಒಣಗಿದ ಸೀರೆ ಮಡಿಸಿ ತಂದು ಕೈಗಿಟ್ಟಳು. ‘ಹೋಗಿ ಬನ್ನಿ ಅಕ್ಕ. ಅವಳೇನು ಮಾಡಿದಾಳೆ’ ಅಂದಳು.

ಬೆಳಗಿನ ಜಾವ ವಿಮಲೆಯೂ ನಾನೂ ನಿಂತೆವು. ನೀರು ಎಪ್ಪತ್ತನೆಯ ಗೀಟು ಮುಟ್ಟಿ ನಿಂತಿತು. ಊರಿನ ಲೆಕ್ಕದಂತೆ ನನ್ನ ಮೂವತ್ತನಾಲ್ಕು ಕಳೆದರೆ ಹುಡುಗಿಗೆ ಮೂವತ್ತಾರು, ಸಂಬಂಧ ಮುರಿದಂತೆ. ಭಾವ ಒಂದು ಕ್ಷಣ ನೀರನ್ನೇ ನೋಡಿದರು. ಆಮೇಲೆ ಗಂಡಿನ ತಾಯಿಯ ಕಡೆ ತಿರುಗಿ ‘ನಲವತ್ನಾಕು’ ಎಂದರು.

ನಾನು ನೀರಿನಲ್ಲಿ ಹಾಗೇ ನಿಂತಿದ್ದೆ. ನನ್ನ ಪಾಲಿನ ಎಂಟು ವರ್ಷ ಕಡೆಗೂ ಯಾರಿಗೋ ಕಾಣಿಸಿತ್ತು. ‘ಭಾವ, ಎಪ್ಪತ್ತರಲ್ಲಿ ನಂದು ಅಂತ ಎಷ್ಟು ಕಳೆದ್ರಿ?’ ಎಂದು ಕೇಳಿದೆ. ಮೆಲ್ಲಗೇ ಕೇಳಿದೆ. ಆದರೆ ಕೊಳದ ಮೇಲೆ ಮಾತು ಚೆನ್ನಾಗಿ ಹರಿಯುತ್ತದೆ.

ಅವರು ಗಂಡಿನ ತಾಯಿಯ ಕಡೆಯೇ ತಿರುಗಿ ನಿಂತರು. ಉತ್ತರ ಬೇಕಾಗಿಯೂ ಇರಲಿಲ್ಲ, ಎಪ್ಪತ್ತರಿಂದ ನಲವತ್ತನಾಲ್ಕಕ್ಕೆ ಇಳಿಯುವಷ್ಟು ಲೆಕ್ಕ ಊರಿನಲ್ಲಿ ಎಲ್ಲರಿಗೂ ಬರುತ್ತದೆ. ದಂಡೆಯ ಮೇಲೆ ತುಟಿಗಳು ಅಲ್ಲಾಡಿದವು. ಅಳತೆಗೆ ಹಿರಿಯನಾಗಿ ಬಂದಿದ್ದ ಹಿರಣ್ಣಯ್ಯ ಮೆಟ್ಟಿಲ ಮೇಲೆ ಕೂತು ಬೆರಳು ಮಡಿಸುತ್ತಿದ್ದ. ಸುಬ್ಬಮ್ಮನದು ಇಪ್ಪತ್ತಾರಾದರೆ, ಅಂದು ಬಂದ ಮೂವತ್ತನಾಲ್ಕರಲ್ಲಿ ಉಳಿದದ್ದೆಷ್ಟು ಎಂದು ಎಣಿಸುತ್ತಿದ್ದ. ಒಂದು ಕೈ ಮುಗಿಯಿತು, ಇನ್ನೊಂದು ಕೈಯ ಮೂರು ಬೆರಳು ಮಡಿಸಿ ನಿಂತ. ನಾನು ಅವನನ್ನೇ ನೋಡುತ್ತಿದ್ದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಮಡಿಸಿದ ಬೆರಳುಗಳನ್ನು ಹಾಗೇ ಶಲ್ಯದೊಳಗೆ ಸೇರಿಸಿಕೊಂಡು, ‘ಹೊತ್ತಾಯ್ತು, ಹುಡುಗೀನ ಮನೆಗೆ ಕರ್ಕೊಂಡು ಹೋಗಿ’ ಎಂದ. ಎಲ್ಲರೂ ಒಟ್ಟಿಗೆ ಎದ್ದರು. ವಿಮಲೆಗೆ ಯಾರೋ ಒಣ ಪಂಚೆ ಹೊದಿಸಿದರು. ನಾನು ಓಣಿ ಹಿಡಿದೆ.

ಮನೆಗೆ ಬಂದಾಗ ಪಂಕಜ ಸಸಿಗೆ ನೀರು ಹಾಕುತ್ತಿದ್ದಳು. ‘ಎಷ್ಟು ಬಂತಕ್ಕ?’

‘ಎಪ್ಪತ್ತು. ಹುಡುಗೀದು ನಲವತ್ನಾಕು ಅಂದ್ರು.’

ಅವಳ ಕೈಯಲ್ಲಿ ಚೊಂಬು ನಿಂತಿತು. ಅವಳಿಗೆ ಬೀಜ ಬೇಕಾಗಲಿಲ್ಲ. ‘ಅಪ್ಪ ಬಂದಿದ್ರಾ?’

‘ಬಂದಿದ್ರು.’

‘ಲೆಕ್ಕ ಹಾಕಿದ್ರಾ?’

‘ಎಂಟರವರೆಗೂ ಎಣಿಸಿದ್ರು’ ಅಂದೆ.

ಅವಳು ಚೊಂಬಿನಲ್ಲಿ ಉಳಿದ ನೀರನ್ನು ಸಸಿಯ ಬುಡಕ್ಕೆ ಸುರಿದು, ಒಳಗೆ ಹೋಗಿ ಎರಡು ಎಲೆ ಹಾಕಿದಳು.